ಕುದುರೆ, ಗೂಳಿ ಮತ್ತು ಯಮನಪ್ಪನ ಅಂಗೈ

1988ನೇ ಇಸವಿ. ನನಗಾಗ ಇಪ್ಪತ್ತಾರು ವರ್ಷ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಎರಡು ವರ್ಷ ಕೆಲಸವಿಲ್ಲದೆ ಅಲೆದು, ಕೊನೆಗೆ ಮುಂಬಯಿಯ ಚೆಂಬೂರಿನಲ್ಲಿದ್ದ ಸೋದರಮಾವನ ಮನೆ ಸೇರಿದ್ದೆ. ಮಾವನ ಪರಿಚಯದಿಂದ ಫೋರ್ಟ್‌ನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಪಘಾತವಾದ ಗಾಡಿಗಳನ್ನು ಹೋಗಿ ನೋಡಿ, ಎಷ್ಟು ಪೆಟ್ಟಾಗಿದೆ, ಏನೇನು ಬದಲಾಯಿಸಬೇಕು ಅಂತ ವಿಮೆಯವರಿಗೆ ರಿಪೋರ್ಟ್ ಬರೆದುಕೊಡುವ ಸರ್ವೇಯರ್ ಒಬ್ಬರ ಆಫೀಸು ಅದು. ನಾನು ಅವರ ಅಸಿಸ್ಟೆಂಟ್. ಒಂದು ವರ್ಷ ಪ್ರೊಬೇಷನ್. ಅದು ಮುಗಿದ ಮೇಲೆ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎನ್ನುವುದು ಸಂಪೂರ್ಣ ಬಾಸ್ ಕೈಯಲ್ಲಿತ್ತು.

ನನ್ನ ಇಂಗ್ಲಿಷ್ ಚೆನ್ನಾಗಿತ್ತು. ರಿಪೋರ್ಟ್ ಓದಿದವರು ಇವನ್ಯಾರೋ ದೊಡ್ಡ ಎಂಜಿನಿಯರ್ ಅಂದುಕೊಳ್ಳಬೇಕು, ಹಾಗೆ ಬರೆಯುತ್ತಿದ್ದೆ. ನಿಜ ಏನೆಂದರೆ, ಹೊಸ ಬಾಗಿಲಿಗೂ ರಿಪೇರಿಯಾದ ಬಾಗಿಲಿಗೂ ವ್ಯತ್ಯಾಸ ನನಗೆ ತಿಳಿಯುತ್ತಿರಲಿಲ್ಲ. ಕಾರಿನ ಬಗ್ಗೆ ನನಗಿದ್ದ ಜ್ಞಾನವೆಲ್ಲ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತಿದ್ದ ಹಳೆಯ ವಿದೇಶಿ ಮ್ಯಾಗಜಿನ್‌ಗಳಿಂದ ಬಂದದ್ದು. "ಸೈಕಲ್ ಚೈನ್ ಬಿದ್ರೆ ಹಾಕೋಕೆ ಬರಲ್ಲ, ಬಾಯಿ ಬಿಟ್ರೆ ಇಟಲಿ ಕಾರು" ಅಂತ ಮಾವ ಊಟಕ್ಕೆ ಕೂತಾಗಲೆಲ್ಲ ಕಿಚಾಯಿಸುತ್ತಿದ್ದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಇಷ್ಟಾದರೂ ನನ್ನ ರಿಪೋರ್ಟ್‌ಗಳು ತಪ್ಪಾಗದೇ ಇದ್ದದ್ದು ಯಮನಪ್ಪನವರಿಂದ. ಅವರು ಕುರ್ಲಾದ ಗ್ಯಾರೇಜೊಂದರಲ್ಲಿ ಡೆಂಟಿಂಗ್ ಮಿಸ್ತ್ರಿ. ನೆಗ್ಗಿಹೋದ ತಗಡನ್ನು ಬಡಿದು ಮೊದಲಿನ ಹಾಗೆ ಮಾಡುವ ಕೆಲಸ. ಊರು ಬಾಗಲಕೋಟೆ ಕಡೆ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಈಗ ಬರೆಯುವಾಗ 'ಅವರು' ಅನ್ನುತ್ತಿದ್ದೇನೆ. ಆಗ 'ಯಮನಪ್ಪ, ಬಾ ಇಲ್ಲಿ' ಅಂತಲೇ ಕರೆಯುತ್ತಿದ್ದೆ. ಅವರು ಮಾತ್ರ ನನ್ನನ್ನು 'ಸಾಹೇಬ್ರ' ಅನ್ನುತ್ತಿದ್ದರು. ಇಡೀ ಕುರ್ಲಾದಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಹಾಗಾಗಿ ಅಲ್ಲಿ ಕೆಲಸ ಇಲ್ಲದ ಶನಿವಾರವೂ ಮಧ್ಯಾಹ್ನ ಆಫೀಸು ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ.

ಯಮನಪ್ಪನವರದ್ದು ಒಂದು ವಿಚಿತ್ರ ಪದ್ಧತಿ. ಗಾಡಿ ಬಂದರೆ ಮೊದಲು ಕಣ್ಣಲ್ಲಿ ನೋಡುತ್ತಿರಲಿಲ್ಲ. ಜೇಬಿನಿಂದ ತೆಳು ಮಲ್‌ಮಲ್ ಬಟ್ಟೆಯ ತುಂಡು ತೆಗೆದು ತಗಡಿನ ಮೇಲೆ ಹಾಸಿ, ಅದರ ಮೇಲೆ ಎಡಗೈಯ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಎಳೆಯುತ್ತಿದ್ದರು. ಎಲ್ಲಿ ಏಟು ಬಿದ್ದಿದೆ, ಎಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ, ಎಲ್ಲ ಹೇಳಿಬಿಡುತ್ತಿದ್ದರು. ನಾನು ಕೇಳಿ ಬರೆದುಕೊಳ್ಳುತ್ತಿದ್ದೆ. "ಬಣ್ಣ ಕಣ್ಣಿಗೆ ಸುಳ್ಳ ಹೇಳತೈತ್ರಿ ಸಾಹೇಬ್ರ. ಕೈಗೆ ಹೇಳಾಕ ಬರಂಗಿಲ್ಲ" ಅನ್ನುತ್ತಿದ್ದರು.

ಆ ಗ್ಯಾರೇಜಿನ ಗೋಡೆಯ ಮೇಲೆ ಎರಡು ಚಿತ್ರಗಳಿದ್ದವು. ನಾನೇ ಮ್ಯಾಗಜಿನ್‌ನಿಂದ ಹರಿದು ತಂದು ಕೊಟ್ಟದ್ದು. ಒಂದು ಕೆಂಪು ಫೆರಾರಿ, ಇನ್ನೊಂದು ಬಿಳಿ ಲ್ಯಾಂಬೊರ್ಗಿನಿ. ಆ ಹೆಸರುಗಳು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಒಂದರ ಗುರುತು ಕುದುರೆ, ಇನ್ನೊಂದರದ್ದು ಗೂಳಿ. ಹಾಗಾಗಿ ಎಲ್ಲರ ಬಾಯಲ್ಲೂ ಅವು ಕುದುರೆ ಮತ್ತು ಗೂಳಿ. ಗ್ಯಾರೇಜಿನಲ್ಲಿ ಎರಡು ಪಕ್ಷವೇ ಆಗಿಹೋಗಿತ್ತು. ನಾನು ಗೂಳಿಯ ಪಕ್ಷ. ಬಾಗಿಲು ಮೇಲಕ್ಕೆ ತೆರೆಯುತ್ತದೆ, ಹನ್ನೆರಡು ಸಿಲಿಂಡರ್, ನೋಡಿದರೆ ನೆಲದ ಗಾಡಿ ಅನ್ನಿಸುವುದೇ ಇಲ್ಲ ಅಂತೆಲ್ಲ ಭಾಷಣ ಬಿಗಿಯುತ್ತಿದ್ದೆ.

ಯಮನಪ್ಪನವರದ್ದು ಕುದುರೆಯ ಪಕ್ಷ. "ನಿಮ್ಮ ಗೂಳಿ ಸ್ಕೇಲ್ ಇಟ್ಟ ಮಡಚಿದಂಗ ಐತ್ರಿ, ಟ್ರಂಕ್ ಮಾಡೂರು ಮಾಡತಾರಲ್ಲ ಹಂಗ. ಕುದುರಿ ನೋಡ್ರಿ, ಮೂಗಿನಿಂದ ಹಿಡದ ಬಾಲದ ತನಕ ಒಂದ ಗೆರಿ ಹರದೈತಿ. ತಗಡನ್ನ ಮಾತಾಡಿಸಿ ಮಾತಾಡಿಸಿ ಒಪ್ಪಿಸ್ಯಾರ." ನಾನು ರೇಗಿ ಮ್ಯಾಗಜಿನ್‌ನವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹೇಳಿದರೆ ನಗುತ್ತಿದ್ದರು. ಕೊನೆಗೆ ಒಂದೇ ಮಾತು: "ಫೋಟೋ ನೋಡಿ ಏನ್ ಜಗಳ ತಗೀತೀರಿ? ಎರಡೂ ಗಾಡಿ ಮ್ಯಾಲ ಒಮ್ಮೆ ಈ ಕೈ ಹಾಯಲಿ. ಗೂಳಿನ ಚಲೋ ಅಂತ ಕೈ ಹೇಳಿದ್ರ, ಗೂಳಿನ ಚಲೋ ಅಂತೀನಿ." ಇದನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಅವರಿಗೆ ಕುಡಿತ, ಸಿನಿಮಾ ಯಾವುದೂ ಇರಲಿಲ್ಲ. ಇದೊಂದು ಆಸೆ ಇತ್ತು. ಮುಂಬಯಿಯಲ್ಲಿ ಆ ಕಾಲಕ್ಕೆ ಅಂಥ ಕಾರು ಕಣ್ಣಿಗೆ ಬೀಳುವುದೇ ಅಪರೂಪ, ಇನ್ನು ಎರಡನ್ನೂ ಮುಟ್ಟುವುದೆಂದರೆ ನಡೆಯದ ಮಾತು ಅಂತ ನಾನು ಅಂದುಕೊಂಡಿದ್ದೆ.

ಆ ವರ್ಷ ಡಿಸೆಂಬರಿನಲ್ಲಿ ಅದು ನಡೆಯಿತು. ಬಾಸ್ ನನ್ನನ್ನು ಕರೆದು ಹೇಳಿದರು: ಕಬ್ಬಿಣದ ವ್ಯಾಪಾರದ ದೊಡ್ಡ ಸೇಠ್ ಒಬ್ಬರು ವಿದೇಶಿ ಕಾರು ಕೊಳ್ಳಬೇಕೆಂದಿದ್ದಾರೆ. ಗಲ್ಫಿನಿಂದ ಬಂದವರೊಬ್ಬರು ಎರಡು ಕಾರು ತಂದು ಶಿವಡಿಯ ಗೋಡೌನ್‌ನಲ್ಲಿ ಇಟ್ಟಿದ್ದಾರೆ. ಒಂದು ಫೆರಾರಿ, ಒಂದು ಲ್ಯಾಂಬೊರ್ಗಿನಿ. ಎರಡನ್ನೂ ಹೋಲಿಸಿ ನೋಡಿ, ಯಾವುದು ತೆಗೆದುಕೊಳ್ಳಬಹುದು ಅಂತ ಹೇಳಬೇಕು. "ನೀನು ಯಾವಾಗಲೂ ಇದನ್ನೇ ಓದುತ್ತಿರುತ್ತೀಯಲ್ಲ, ನೀನೇ ಹೋಗು. ಸೇಠ್ ಖುಷಿಯಾದರೆ ನಿನ್ನ ಕೆಲಸ ಕಾಯಂ ಅಂತ ತಿಳಿ."

ನನಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಓದಿ ತಿಳಿದದ್ದು ಅಲ್ಲಿ ಏನೂ ಪ್ರಯೋಜನಕ್ಕೆ ಬರುವುದಿಲ್ಲ ಅಂತ ಗೊತ್ತಿತ್ತು. ಸಂಜೆ ನೆಟ್ಟಗೆ ಕುರ್ಲಾಕ್ಕೆ ಹೋಗಿ ಯಮನಪ್ಪನವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, "ಎರಡೂ ಅದಾವ್ರಿ?" ಅಂದರು. ಎರಡೂ ಇವೆ ಅಂದೆ. ನಾಡಿದ್ದು ಬೆಳಿಗ್ಗೆ ಹೋಗುವುದೆಂದು ತೀರ್ಮಾನವಾಯಿತು. ಮಾರನೆಯ ದಿನ ಅವರು ರಜೆ ಹಾಕಿಬಿಟ್ಟರಂತೆ. ದೊಡ್ಡ ಕೆಲಸದ ಹಿಂದಿನ ದಿನ ಸುತ್ತಿಗೆ ಹಿಡಿಯಬಾರದು, ಹಿಡಿದರೆ ಅಂಗೈ ಮಂಕಾಗುತ್ತದೆ ಎನ್ನುವುದು ಅವರ ಕಸುಬಿನ ನಂಬಿಕೆ. ಇದನ್ನು ಗ್ಯಾರೇಜಿನ ಮಾಲೀಕ ಆಮೇಲೆ ನನಗೆ ಹೇಳಿದ.

ಹೋಗುವ ದಿನ ನಾನು ಚೆಂಬೂರಿನಿಂದ ಹಾರ್ಬರ್ ಲೈನಿನ ಲೋಕಲ್ ರೈಲು ಹತ್ತಿದೆ. ಅವರು ಕುರ್ಲಾದಲ್ಲಿ ಹತ್ತಿದರು. ಯಾವತ್ತೂ ಎಣ್ಣೆ ಮಸಿಯಲ್ಲೇ ನೋಡಿದ್ದ ಮನುಷ್ಯ ಅಂದು ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು, ಉಗುರು ಕತ್ತರಿಸಿಕೊಂಡು, ಹೊಸ ಮಲ್‌ಮಲ್ ಬಟ್ಟೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಗಾಡಿಯ ಕಂಬಿಯನ್ನೂ ಬಲಗೈಯಲ್ಲೇ ಹಿಡಿದಿದ್ದರು. ಎಡಗೈಯನ್ನು ಯಾವುದಕ್ಕೂ ತಾಗಿಸಲಿಲ್ಲ.

ಗೋಡೌನಿನ ಗೇಟಿನಲ್ಲಿ ವಾಚ್‌ಮನ್ ನನ್ನ ಕಾಗದ ನೋಡಿದ. ಆಮೇಲೆ ಅವರ ಕಡೆ ತೋರಿಸಿ "ಯೇ ಕೌನ್?" ಅಂದ. ಇಂಥ ಸರ್ವೇಗೆ ಕುರ್ಲಾದ ಮಿಸ್ತ್ರಿಯನ್ನು ಕರೆದುಕೊಂಡು ಬಂದಿದ್ದೇನೆ ಅಂತ ಹೇಗೆ ಹೇಳುವುದು? ನನ್ನ ಬ್ಯಾಗನ್ನು ಅವರ ಕೈಗೆ ಕೊಟ್ಟು, "ಮೇರಾ ಬ್ಯಾಗ್ ಉಠಾನೇವಾಲಾ", ನನ್ನ ಬ್ಯಾಗ್ ಹೊರುವವನು, ಅಂದುಬಿಟ್ಟೆ. ಯಮನಪ್ಪ ಒಮ್ಮೆ ನನ್ನ ಮುಖ ನೋಡಿದರು. ಬ್ಯಾಗನ್ನು ಬಲಗೈಗೆ ತೆಗೆದುಕೊಂಡು ಒಳಗೆ ಬಂದರು.

ಸೇಠ್ ಬರುವುದಕ್ಕೆ ಇನ್ನೂ ಸಮಯವಿತ್ತು. ವಾಚ್‌ಮನ್ ಕಾರುಗಳ ಮೇಲೆ ಹೊದಿಸಿದ್ದ ತಾಡಪಾಲು ಎಳೆದು ಹೊರಗೆ ಹೋಗಿ ಕೂತ. ಎರಡೂ ಕಾರು ಅಕ್ಕಪಕ್ಕ ನಿಂತಿದ್ದವು. ನಮ್ಮ ಚಿತ್ರದಲ್ಲಿದ್ದ ಹಾಗೆ ಕುದುರೆ ಕೆಂಪೇ ಆಗಿತ್ತು. ಗೂಳಿ ಮಾತ್ರ ಕಪ್ಪು. ನನಗೆ ಮೊದಲು ಆಶ್ಚರ್ಯವಾದದ್ದು ಅವುಗಳ ಎತ್ತರ. ಎಷ್ಟೋ ಸಲ ಚಿತ್ರದಲ್ಲಿ ನೋಡಿದ್ದೆ, ಆದರೆ ಅವು ನನ್ನ ಸೊಂಟದಿಂದ ಸ್ವಲ್ಪವೇ ಮೇಲೆ ಬರುತ್ತವೆ ಅಂತ ಗೊತ್ತಿರಲಿಲ್ಲ. ಕುದುರೆಯ ಸುತ್ತ ಒಂದು ಸುತ್ತು ಬಂದೆ. ಯಾವ ಕಡೆಯಿಂದ ನೋಡಿದರೂ ಇನ್ನೊಂದು ಸಲ ನೋಡೋಣ ಅನ್ನಿಸುತ್ತಿತ್ತು. ಗೂಳಿಯ ಮುಂದೆ ಹಾಗಿಲ್ಲ. ಅದು ನಮ್ಮನ್ನು ಕ್ಯಾರೇ ಅನ್ನದೆ ನಿಂತಿತ್ತು. ಒಂದನ್ನು ನೋಡಿದರೆ ಪ್ರೀತಿ ಬರುತ್ತದೆ, ಇನ್ನೊಂದನ್ನು ನೋಡಿದರೆ ಹೆದರಿಕೆ ಬೆರೆತ ಆಸೆ ಬರುತ್ತದೆ. ಈ ವ್ಯತ್ಯಾಸವನ್ನು ಯಾವ ಮ್ಯಾಗಜಿನ್‌ನವರೂ ನನಗೆ ಹೇಳಿರಲಿಲ್ಲ. ಆಗಲೂ ನನ್ನ ಮನಸ್ಸು ಗೂಳಿಯ ಕಡೆಗೇ ಇತ್ತು.

ಯಮನಪ್ಪ ಕುದುರೆಯಿಂದ ಶುರು ಮಾಡಿದರು. ಮುಂದಿನ ಮಡ್‌ಗಾರ್ಡ್ ಮೇಲೆ ಬಟ್ಟೆ ಹಾಸಿ, ಕಣ್ಣು ಮುಚ್ಚಿ ಅಂಗೈ ಇಟ್ಟರು. ಅರ್ಧ ಗಂಟೆ ಆ ಕೈ ನಿಧಾನವಾಗಿ ಸರಿಯುತ್ತಾ ಹೋಯಿತು. ಬಾಗಿಲ ಮೇಲೆ ಕೈ ಬಂದಾಗ ಮುಖದಲ್ಲಿ ಸಣ್ಣ ನಗು ಕಂಡಿತು. ಬಾಗಿಲು ದಾಟಿ ಹಿಂದಕ್ಕೆ ಹೋದ ಕೈ ಒಂದು ಕಡೆ ನಿಂತಿತು. ವಾಪಸ್ ಬಂತು, ಮತ್ತೆ ಹೋಯಿತು, ಮತ್ತೆ ಅಲ್ಲೇ ನಿಂತಿತು. ಬಟ್ಟೆ ತೆಗೆದು ಬರಿಗೈಯಲ್ಲಿ ಮುಟ್ಟಿದರು. ಆಮೇಲೆ ಹಿಂದಿನ ಡಿಕ್ಕಿ ತೆಗೆಸಿ, ಒಳಗಿನ ಮ್ಯಾಟ್ ಎತ್ತಿ, ಬೆರಳಿನಿಂದ ಒಂದು ಗೆರೆ ತೋರಿಸಿದರು. ವೆಲ್ಡಿಂಗ್ ಗೆರೆ.

"ಹಿಂದಿನ ಭಾಗ ಕತ್ತರಿಸಿ ಬ್ಯಾರೇದು ಕೂಡಿಸ್ಯಾರ್ರೀ. ಯಾವಾಗೋ ಜೋರ ಗುದ್ದೈತಿ. ಮಾಡಿದಾಂವ ಚಲೋ ಮಿಸ್ತ್ರಿ ಅದಾನ, ಆದ್ರ ಅವಸರ ಮಾಡ್ಯಾನ" ಅಂದರು. ದನಿಯಲ್ಲಿ ಬೇಸರವಿತ್ತು. ಅವರ ಪಕ್ಷದ ಗಾಡಿ ಅದು. ಎಲ್ಲೋ ಯಾರೋ ಗುದ್ದಿ, ಯಾರೋ ಮುಚ್ಚಿಟ್ಟದ್ದು. ಬೇಕಿದ್ದರೆ ಅವರೂ ಸುಮ್ಮನಿರಬಹುದಿತ್ತು. ನಾನಾಗಿದ್ದರೆ ಗೂಳಿಯಲ್ಲಿ ಅಂಥದ್ದು ಕಂಡಾಗ ಬಾಯಿ ಬಿಡುತ್ತಿದ್ದೆನೋ ಇಲ್ಲವೋ.

ಬಟ್ಟೆಯನ್ನು ಕೊಡವಿ, ಮಗ್ಗುಲು ಬದಲಾಯಿಸಿ ಮಡಚಿಕೊಂಡು, ಅವರು ಗೂಳಿಯ ಕಡೆ ತಿರುಗಿದರು. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಸೇಠ್ ಬಂದಿದ್ದರು. ಬ್ಯಾಗ್ ಹಿಡಿಯುವವನು ಕಾರು ಪರೀಕ್ಷೆ ಮಾಡುತ್ತಿದ್ದಾನೆ, ಸರ್ವೇಯರ್ ಸುಮ್ಮನೆ ನಿಂತು ನೋಡುತ್ತಿದ್ದಾನೆ ಅಂತ ಗೊತ್ತಾದರೆ ಬಾಸ್ ಕಿವಿಗೆ ಹೋಗುವುದು ಎಷ್ಟು ಹೊತ್ತು?

"ಯಮನಪ್ಪ, ಸಾಕು. ಬ್ಯಾಗ್ ತಗೊಂಡು ಹೊರಗಿರು" ಅಂದೆ.

"ಇದೊಂದ ಐದ ಮಿನಿಟ್ ಸಾಹೇಬ್ರ."

"ಆಮೇಲೆ ನೋಡೋಣ. ಈಗ ನಡಿ, ನಡಿ."

ಅವರು ಗೂಳಿಯನ್ನು ಒಮ್ಮೆ ನೋಡಿದರು. ಮುಟ್ಟಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬ್ಯಾಗ್ ಎತ್ತಿಕೊಂಡು ಹೊರಗೆ ಹೋದರು.

ಮುಂದೆ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸೇಠ್ ಎದುರಿಗೆ ನನ್ನ ಕರ್ಚೀಫನ್ನು ಕುದುರೆಯ ಮೇಲೆ ಹಾಸಿ, ಕಣ್ಣು ಮುಚ್ಚಿ, ಯಮನಪ್ಪನವರ ಹಾಗೆಯೇ ಕೈ ಎಳೆದೆ. ಅವರು ನಿಂತ ಜಾಗದಲ್ಲೇ ನಿಂತೆ. ಡಿಕ್ಕಿ ತೆಗೆದು ಗೆರೆ ತೋರಿಸಿದೆ. ಸೇಠ್ ದಂಗಾದರು. "ಆಂಖ್ ಬಂದ್ ಕರ್‌ಕೇ ಪಕಡಾ!", ಕಣ್ಣು ಮುಚ್ಚಿಕೊಂಡೇ ಹಿಡಿದುಬಿಟ್ಟ, ಅಂತ ತಮ್ಮ ಡ್ರೈವರನ್ನು ಕರೆದು ಹೇಳಿದರು. ಆಮೇಲೆ ಗೂಳಿ ತೋರಿಸಿ, ಇದು ಹೇಗೆ ಅಂದರು. ಅದರ ಮೇಲೂ ಕೈ ಎಳೆದೆ. ನನ್ನ ಅಂಗೈಗೆ ತಣ್ಣನೆಯ ತಗಡು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಮೂಗಿನಿಂದ ಬಾಲದ ತನಕ ಎಳೆದು, "ಏನೂ ದೋಷ ಇಲ್ಲ, ಇದನ್ನೇ ತಗೊಳ್ಳಿ" ಅಂದುಬಿಟ್ಟೆ. ನನ್ನ ಪಕ್ಷ ಗೆದ್ದಿತ್ತು.

ವಾಪಸ್ ಬರುವಾಗ ಲೋಕಲ್‌ನಲ್ಲಿ ಯಮನಪ್ಪ ಒಂದೇ ವಿಷಯ ಕೇಳಿದರು. "ಗೂಳಿ ಬಾಗಿಲದ ಕೆಳಗ ತಗಡಿಂದ ಒಂದ ಮಡಿಕಿ ಐತಲ್ರಿ, ಅಲ್ಲಿ ಕೈ ಜಾರತೈತೋ, ನಿಲ್ಲತೈತೋ?"

ನನಗೆ ಎಲ್ಲಿ ಗೊತ್ತು? "ಜಾರುತ್ತೆ" ಅಂದೆ. ಅವರು ತಲೆಯಾಡಿಸಿದರು.

ಸೇಠ್ ಗೂಳಿಯನ್ನು ಕೊಂಡರು. ಕುದುರೆಯನ್ನು ದೆಹಲಿಯವರು ಯಾರೋ ತೆಗೆದುಕೊಂಡು ಹೋದರಂತೆ. ಜನವರಿಯಲ್ಲಿ ನನ್ನ ಕೆಲಸ ಕಾಯಂ ಆಯಿತು. ಅತ್ತೆ ಮನೆಯಲ್ಲಿ ಪಾಯಸ ಮಾಡಿದರು. ಆದರೆ ಫೋನ್ ರಿಂಗಾದಾಗಲೆಲ್ಲ ಗೂಳಿಯಲ್ಲೂ ಏನೋ ದೋಷ ಸಿಕ್ಕಿತು ಅಂತ ಹೇಳಲು ಸೇಠ್ ಮಾಡಿದ್ದಾರೇನೋ ಎಂದು ಹೆದರುತ್ತಿದ್ದೆ. ಶನಿವಾರ ಕುರ್ಲಾಕ್ಕೆ ಹೋಗುವುದನ್ನೂ ಕಡಿಮೆ ಮಾಡಿದೆ.

ಮಾರ್ಚ್ ತಿಂಗಳಲ್ಲಿ ಸೇಠ್ ತಮ್ಮ ದಿನಬಳಕೆಯ ಕಾರಿಗೆ ಲಾರಿ ಉಜ್ಜಿತೆಂದು, ಒಳ್ಳೆಯ ಗ್ಯಾರೇಜು ತೋರಿಸು ಅಂದರು. ಬೇರೆ ದಾರಿ ಇಲ್ಲದೆ ಕುರ್ಲಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಸೇಠ್ ಸುಮ್ಮನಿರದೆ ಮಾಲೀಕನಿಗೆ, ಕೆಲಸದವರಿಗೆ ಎಲ್ಲರಿಗೂ ಕೇಳುವ ಹಾಗೆ ನನ್ನ ಕಥೆ ಹೇಳತೊಡಗಿದರು. ಈ ಸಾಹೇಬರು ಹೇಗೆ ಬಟ್ಟೆ ಹಾಸಿದರು, ಹೇಗೆ ಕಣ್ಣು ಮುಚ್ಚಿದರು, ಹೇಗೆ ಬರೀ ಕೈಯಲ್ಲಿ ಕಂಡುಹಿಡಿದರು. ಎಲ್ಲರ ಸುತ್ತಿಗೆಯ ಸದ್ದು ಒಂದೊಂದಾಗಿ ನಿಂತಿತು. ಆ ಪದ್ಧತಿ ಯಾರದ್ದು ಅಂತ ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು. ಎಲ್ಲರೂ ಯಮನಪ್ಪನವರ ಕಡೆ ನೋಡಿದರು.

ಯಮನಪ್ಪ ತಲೆ ಎತ್ತಲಿಲ್ಲ. "ಹಾಂ ಸೇಠ್, ಸಾಹಬ್ ಕಾ ಹಾಥ್ ಬಹುತ್ ಅಚ್ಛಾ ಹೈ", ಸಾಹೇಬರ ಕೈ ಬಹಳ ಒಳ್ಳೆಯದು, ಅಂದು, ಮತ್ತೆ ತಗಡು ಬಡಿಯತೊಡಗಿದರು.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸೇಠ್ ಹೋದ ಮೇಲೆ ಅವರ ಹತ್ತಿರ ಹೋಗಿ ನಿಂತೆ. "ನನ್ನದು ತಪ್ಪಾಯ್ತು. ನಿಮ್ಮ ಹೆಸರು ಹೇಳಬೇಕಿತ್ತು" ಅಂದೆ. ಬಹುವಚನ ತಾನಾಗಿ ಬಂತು.

ಅವರು ಸುತ್ತಿಗೆ ನಿಲ್ಲಿಸಿದರು. "ಹೆಸರಿಂದ ಬಿಡ್ರಿ ಸಾಹೇಬ್ರ. ಹೆಸರ ತಗೊಂಡ ನಾ ಏನ್ ಮಾಡ್ಲಿ? ನಿಮ್ಮ ನೌಕರಿ ಗಟ್ಟಿ ಆತಲ್ಲ, ಚಲೋ ಆತು. ಆದ್ರ..." ಅಂದು ಎಡಗೈಯ ಮಸಿ ಒರೆಸಿಕೊಳ್ಳುತ್ತಾ, "ಆದ್ರ ಎರಡನೇದು ಮುಟ್ಟಾಕ ಬಿಡಲಿಲ್ಲಲ್ರಿ ನೀವು. ಐದ ಮಿನಿಟ್ ಕೇಳಿದ್ನಿ" ಅಂದರು. ನಾನು ಏನನ್ನು ಕದ್ದಿದ್ದೆ ಅನ್ನುವುದು ನನಗೆ ಆ ಕ್ಷಣದವರೆಗೂ ಅರ್ಥವೇ ಆಗಿರಲಿಲ್ಲ.

ಮರುದಿನವೇ ಸೇಠ್ ಆಫೀಸಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಕೇಳಿ ಮುಗಿಸಿ, "ಅಂದ್ರೆ ನನ್ನ ಗಾಡಿಯನ್ನ ಇದುವರೆಗೂ ಯಾರೂ ನೋಡೇ ಇಲ್ಲ, ಅಲ್ವಾ?" ಅಂದರು. ಆ ಮಿಸ್ತ್ರಿಯನ್ನು ಕರೆದುಕೊಂಡು ಬಾ ಅಂದರು. ಬಾಸ್‌ಗೂ ಫೋನ್ ಮಾಡಿ ಹೇಳಿದರು. ಕೆಲಸ ಹೋಗಲಿಲ್ಲ, ಆದರೆ ಮುಂದಿನ ಎರಡು ವರ್ಷ ಬಾಸ್ ನನ್ನನ್ನು ಲಾರಿ, ಟೆಂಪೋ ಬಿಟ್ಟು ಬೇರೆ ಗಾಡಿಯ ಹತ್ತಿರ ಕಳಿಸಲಿಲ್ಲ. ಅದು ನನಗೆ ತಕ್ಕದ್ದೇ ಆಗಿತ್ತು.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಯಮನಪ್ಪನವರನ್ನು ಜುಹೂನಲ್ಲಿದ್ದ ಸೇಠ್ ಬಂಗಲೆಗೆ ಕರೆದುಕೊಂಡು ಹೋದೆ. ಈ ಸಲ ಗೇಟಿನಲ್ಲಿ "ಇವರೇ ಮಿಸ್ತ್ರಿ, ನಾನು ಇವರ ಜೊತೆ ಬಂದವನು" ಅಂದೆ. ಅದೇ ಬಿಳಿ ಅಂಗಿ, ಅದೇ ಟೋಪಿ. ಸೇಠ್ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಯಮನಪ್ಪ ಬಟ್ಟೆ ಹಾಸಿ ಕಣ್ಣು ಮುಚ್ಚಿದರು. ಮುಕ್ಕಾಲು ಗಂಟೆ ಆಯಿತು. ಬಾಗಿಲ ಕೆಳಗಿನ ಮಡಿಕೆಯ ಹತ್ತಿರ ಕೈ ಬಂದಾಗ ನಾನು ಒಂದು ಹೆಜ್ಜೆ ಹತ್ತಿರ ಹೋಗಿ ನೋಡಿದೆ. ಕೈ ಅಲ್ಲಿ ನಿಂತಿತು. ಆವತ್ತು ನಾನು ಲೋಕಲ್‌ನಲ್ಲಿ ಹೇಳಿದ್ದ ಹಾಗೆ ಜಾರಲಿಲ್ಲ.

"ಗಾಡಿ ಸ್ವಚ್ಛ ಐತ್ರಿ. ಎಲ್ಲೂ ಏಟ ಬಿದ್ದಿಲ್ಲ" ಅಂದರು. ಸೇಠ್‌ಗೆ ಹಿಂದಿಯಲ್ಲಿ ಹೇಳಿದೆ. ನಾಲ್ಕು ತಿಂಗಳ ಭಯ ನನ್ನ ತಲೆಯಿಂದ ಇಳಿಯಿತು. ಮನಸ್ಸು ಹಗುರಾಗಿ, ಅವರಿಗೆ ಸೇರಬೇಕಾದದ್ದನ್ನು ವಾಪಸ್ ಕೊಟ್ಟುಬಿಟ್ಟೆ ಅನ್ನುವ ಹುಮ್ಮಸ್ಸಿನಲ್ಲಿ ಕೇಳಿದೆ: "ಈಗ ಹೇಳಿ ಯಮನಪ್ಪನವರೇ. ಕುದುರೆಯೋ, ಗೂಳಿಯೋ? ನೀವು ಏನಂದ್ರೂ ಒಪ್ಕೋತೀನಿ."

ಅವರು ಎಡಗೈಯನ್ನು ಮುಂದೆ ಹಿಡಿದು ನೋಡಿಕೊಂಡರು.

"ಈಗ ಹೆಂಗ ಹೇಳ್ಲಿರಿ ಸಾಹೇಬ್ರ? ಕಣ್ಣಿನಂಗ ಅಲ್ರಿ ಇದು. ಕೈಗೆ ಭಾಳ ದಿನದ ನೆನಪ ಇರಂಗಿಲ್ಲ. ಆವತ್ತ ಅದರ ಹಿಂದ ಇದನ್ನ ಮುಟ್ಟಿದ್ರ ತಿಳೀತಿತ್ತು. ನಡುವ ಎಷ್ಟ ಫಿಯಟ್ ಬಡದೇನೋ ಏನೋ. ಕುದುರಿ ಅಂಗೈಯಾಗಿಂದ ಅಳಸಿ ಹೋತ್ರಿ."

ಸಿಟ್ಟಿಲ್ಲದೆ ಹೇಳಿದರು. ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡು, ಸೇಠ್‌ಗೆ ಕೈಮುಗಿದು, ಗೇಟಿನ ಕಡೆ ನಡೆದರು.

ಇದಾದ ಎರಡು ವರ್ಷಕ್ಕೆ ಯಮನಪ್ಪ ಕುರ್ಲಾ ಬಿಟ್ಟರು. ದಹಿಸರ್ ಕಡೆ ಯಾರೋ ಹೊಸ ಗ್ಯಾರೇಜಿಗೆ ಕರೆದರೆಂದು ಹೋದರು. ಒಂದೆರಡು ಸಲ ಹುಡುಕಿಕೊಂಡು ಹೋದೆ, ಸಿಗಲಿಲ್ಲ. ನಾನು ಇದೇ ಕೆಲಸದಲ್ಲಿ ಮೇಲೆ ಬಂದು, ಸಾವಿರಾರು ಗಾಡಿ ನೋಡಿ, ಈಗ ನಿವೃತ್ತನಾಗಿದ್ದೇನೆ. ಅಂಥ ಕಾರುಗಳು ಈಗ ಮುಂಬಯಿಯ ರಸ್ತೆಯಲ್ಲಿ ಆಗಾಗ ಕಾಣಿಸುತ್ತವೆ. ಎರಡರಲ್ಲಿ ಯಾವುದು ಚೆಂದ, ಯಾವುದು ಮೇಲು ಅಂತ ಗೆಳೆಯರು ವಾದ ಶುರು ಮಾಡಿದರೆ ನಾನು ಎದ್ದು ಹೋಗುತ್ತೇನೆ. ಆ ಪ್ರಶ್ನೆಗೆ ನಿಜವಾದ ಉತ್ತರ ಹೇಳಬಲ್ಲ ಒಬ್ಬರು ನನಗೆ ಗೊತ್ತಿದ್ದರು. ಎರಡೂ ಕಾರು ಅವರ ಮುಂದೆ ಅಕ್ಕಪಕ್ಕ ನಿಂತಿದ್ದವು. ಅವರು ಐದು ನಿಮಿಷ ಕೇಳಿದರು, ನಾನು ಕೊಡಲಿಲ್ಲ.